ಕಾರಿನ ಶೆಡ್ಡಿಗೆ ಗೋಡೆ ಎದ್ದ ವರ್ಷ

ಶಟರ್ ಮೇಲಕ್ಕೆ ಸರಿದಾಗ ಮೊದಲು ಹೊರಬಂದದ್ದು ವಾಸನೆ. ಒಣ ಅಡಿಕೆ, ಗೋಣಿಚೀಲ, ಎಲ್ಲೋ ಮೂಲೆಯಲ್ಲಿ ತುಸು ಪೆಟ್ರೋಲು. ಗಾಳಿಯಾಡದ ಜಾಗದಲ್ಲಿ ಇವು ಸೇರಿದರೆ ಒಂದು ಬೇರೆಯೇ ವಾಸನೆ ಹುಟ್ಟುತ್ತದೆ. ಮೂಡುಬಿದಿರೆ ಹತ್ತಿರದ ಪುತ್ತಿಗೆಯಲ್ಲಿರುವ ನನ್ನ ಚಿಕ್ಕಮ್ಮನ ಮಗ, ಮನೆಯೆದುರು ಕಾರು ನಿಲ್ಲಿಸುತ್ತಿದ್ದ ಜಾಗಕ್ಕೆ ಗೋಡೆ ಎಬ್ಬಿಸಿ ಕಬ್ಬಿಣದ ಶಟರ್ ಹಾಕಿಸಿದ್ದ. ಅದನ್ನು ತೋರಿಸಲೆಂದೇ ಊಟಕ್ಕೆ ಮೊದಲು ನನ್ನನ್ನು ಅಂಗಳಕ್ಕೆ ಕರೆದೊಯ್ದಿದ್ದ. ಒಳಗೆ ಅಡಿಕೆ ಮೂಟೆ, ನೀರಿನ ಪಂಪು, ಹುಲ್ಲು ಕತ್ತರಿಸುವ ಯಂತ್ರ, ಅದರ ಪೆಟ್ರೋಲ್ ಕ್ಯಾನು. ಕಾರು ಮಾತ್ರ ಹೊರಗೆ ಬಿಸಿಲಿನಲ್ಲಿ ನಿಂತಿತ್ತು.

“ಇನ್ನು ಯಾವ ಕಳ್ಳನ ಹೆದರಿಕೆಯೂ ಇಲ್ಲ. ಹೇಗುಂಟು ಅಣ್ಣ?” ಎಂದ.

“ಗಟ್ಟಿ ಉಂಟು” ಎಂದೆ. ಆದರೆ ಆ ವಾಸನೆ ನನ್ನನ್ನು ಅಷ್ಟರಲ್ಲಿ ಬಂಟ್ವಾಳಕ್ಕೆ ಕೊಂಡೊಯ್ದಿತ್ತು...

ಅದು ಐವತ್ತರ ದಶಕದ ಕೊನೆ. ಮಂಗಳೂರಿನ ಪತ್ರಿಕೆಯೊಂದಕ್ಕೆ ನಾನು ಬಂಟ್ವಾಳದಿಂದ ಸುದ್ದಿ ಕಳುಹಿಸುತ್ತಿದ್ದೆ. ತಾಲೂಕು ಕಚೇರಿ, ಪೇಟೆ, ನದಿ, ಇಷ್ಟೇ ನನ್ನ ಲೋಕ. ಬರೆದದ್ದನ್ನು ಲಕೋಟೆಯಲ್ಲಿಟ್ಟು ಸಂಜೆಯ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟರೆ ಅಂದಿನ ಕೆಲಸ ಮುಗಿಯಿತು. ನಾನು ಬಾಡಿಗೆಗಿದ್ದ ಮನೆಯ ಪಕ್ಕದಲ್ಲಿ ಪೇಟೆಯ ಬಾಡಿಗೆ ಕಾರಿನ ಮಾಲಕರಿದ್ದರು. ಕಾರನ್ನು ಅವರೇ ಓಡಿಸುತ್ತಿದ್ದರು. ಎಲ್ಲರಿಗೂ ಅವರು ಕಾರಿನಣ್ಣ. ಹಿರಿಯರೂ ಹಾಗೆಯೇ ಕರೆಯುತ್ತಿದ್ದರು.

ಅವರ ಮನೆಗೆ ತಾಗಿಕೊಂಡು, ರಸ್ತೆಗೆ ಮುಖ ಮಾಡಿ, ಒಂದು ಹಂಚಿನ ಮಾಡು ಇತ್ತು. ಕಲ್ಲಿನ ಕಂಬಗಳ ಮೇಲೆ ನಿಂತ, ಗೋಡೆಯಿಲ್ಲದ ಶೆಡ್ಡು. ಅದರ ಕೆಳಗೆ ಅವರ ಹಳೆಯ ಕಪ್ಪು ಕಾರು. ಚಾಲಕನ ಬಾಗಿಲಿನ ಹೊರಗೆ ರಬ್ಬರಿನ ಉಂಡೆಯ ಹಾರ್ನು. ಕಾರು ಬೇಕಾದವರು ಮನೆಗೆ ಹೋಗಿ ಕರೆಯುತ್ತಿರಲಿಲ್ಲ. ರಸ್ತೆಯಿಂದ ನೇರ ಶೆಡ್ಡಿಗೆ ಬಂದು ಆ ಉಂಡೆಯನ್ನು ಹಿಸುಕುತ್ತಿದ್ದರು.

“ಬಂದೆ, ಬಂದೆ! ಅದರ ಕುತ್ತಿಗೆ ಹಿಸುಕಿ ಕೊಲ್ಲಬೇಡಿ ಮಾರಾಯ್ರೆ!” ಎಂದು ಒಳಗಿನಿಂದ ಉತ್ತರ ಬರುತ್ತಿತ್ತು. ಅರ್ಧ ಊಟದಲ್ಲಿದ್ದರೂ ಕೈ ತೊಳೆದು ಬರುತ್ತಿದ್ದರು.

ಈ ಏರ್ಪಾಡನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ. ಆದರೆ ಅದರ ಹಿಂದೆ ಆ ಕಾಲದ ಒಂದು ಸತ್ಯ ಇತ್ತು. ಇನ್ನೊಬ್ಬರ ಮನೆಯಂಗಳದಲ್ಲಿ ಯಾರು ಎಲ್ಲಿಯವರೆಗೆ ಬರಬಹುದು ಎಂಬ ಲೆಕ್ಕ ಆಗ ಎಲ್ಲರಿಗೂ ಗೊತ್ತಿತ್ತು. ಕೆಲವರು ಜಗಲಿಯವರೆಗೆ, ಕೆಲವರು ಮೆಟ್ಟಿಲವರೆಗೆ, ಇನ್ನು ಕೆಲವರು ಹಿಂಬದಿಯ ಬೇಲಿಯವರೆಗೆ. ಶೆಡ್ಡು ಮಾತ್ರ ಯಾವ ಲೆಕ್ಕಕ್ಕೂ ಸೇರಿರಲಿಲ್ಲ. ಅದು ರಸ್ತೆಯದೇ ಒಂದು ಭಾಗದಂತಿತ್ತು. ಕಾರು ಕಂಡರೆ ಕಾರಿನಣ್ಣ ಇದ್ದಾರೆ, ಬರಿ ನೆಲ ಕಂಡರೆ ಇಲ್ಲ. ಕೇಳುವುದಕ್ಕೆ ಏನೂ ಇರಲಿಲ್ಲ.

ಒಮ್ಮೆ ಮೂಡುಬಿದಿರೆಗೆ ಹೋಗುವ ಬಸ್ಸು ಕೆಟ್ಟು, ಪೂಜೆಗೆ ಹೊರಟಿದ್ದ ಭಟ್ಟರೊಬ್ಬರೂ ಮೀನು ಮಾರುವ ಹೆಂಗಸೊಬ್ಬಳೂ ಶೆಡ್ಡಿಗೆ ಬಂದು ನಿಂತರು. ಕಾರಿನಣ್ಣ ಇಬ್ಬರನ್ನೂ ಹತ್ತಿಸಿಕೊಂಡರು. ಭಟ್ಟರು ಮುಂದೆ, ಅವಳು ಹಿಂದೆ, ಖಾಲಿ ಬುಟ್ಟಿ ಡಿಕ್ಕಿಯಲ್ಲಿ. ಅವಳ ಪಕ್ಕದಲ್ಲಿ ನಾನೂ ಇದ್ದೆ. ಭಟ್ಟರು ಶಾಲಿನಿಂದ ಮೂಗು ಮುಚ್ಚಿದವರು ಕೈ ತೆಗೆಯಲಿಲ್ಲ.

“ಭಟ್ರೇ, ಸ್ವಲ್ಪ ಉಸಿರು ಬಿಡಿ. ಇಲ್ಲದಿದ್ರೆ ಅಣ್ಣನಿಗೆ ಆಸ್ಪತ್ರೆಗೆ ಇನ್ನೊಂದು ಬಾಡಿಗೆ ಆಗ್ತದೆ” ಎಂದಳು ಅವಳು.

ಭಟ್ಟರೇ ಮೊದಲು ನಕ್ಕರು.

ಆಮೇಲಿನ ವರ್ಷ ಶೆಡ್ಡಿನಲ್ಲಿ ಕಳ್ಳತನವಾಯಿತು. ಕಾರಿನ ಹಿಂದೆ ಇಟ್ಟಿದ್ದ ಹೆಚ್ಚುವರಿ ಟಯರನ್ನು ಯಾರೋ ಎತ್ತಿಕೊಂಡು ಹೋದರು. ಟಯರು ಸುಲಭವಾಗಿ ಸಿಗುತ್ತಿದ್ದ ಕಾಲ ಅದಲ್ಲ. ಬೇರೊಂದು ಸಿಗುವ ತನಕ ಕಾರಿನಣ್ಣ ದೂರದ ಬಾಡಿಗೆಗಳನ್ನು ಬಿಡಬೇಕಾಯಿತು. ಕಳ್ಳ ಸಿಗಲಿಲ್ಲ. ಅದೇ ಹೊತ್ತಿಗೆ ಅವರ ಹೆಂಡತಿಗೆ ಬೆಳ್ತಂಗಡಿಯ ತವರಿನಿಂದ ಪಾಲಿನ ಅಡಿಕೆ ಬರತೊಡಗಿತ್ತು. ಒಳ್ಳೆಯ ಧಾರಣೆ ಬರುವವರೆಗೆ ಅದನ್ನು ಇಡಲು ಮನೆಯಲ್ಲಿ ಜಾಗವಿರಲಿಲ್ಲ. ನಾವು ಅಕ್ಕ ಎಂದು ಕರೆಯುತ್ತಿದ್ದ ಆಕೆ ಶೆಡ್ಡಿಗೆ ಗೋಡೆ ಕಟ್ಟಿಸಲೇಬೇಕೆಂದು ಹಟ ಹಿಡಿದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಆ ಮಾತು ನಡೆದಾಗ ನಾನು ಅವರ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದೆ.

“ಗೋಡೆ ಕಟ್ಟಿದ್ರೆ ಕಾರು ಉಂಟೋ ಇಲ್ವೋ ಅಂತ ಜನಕ್ಕೆ ಗೊತ್ತಾಗುವುದು ಹೇಗೆ?” ಎಂದರು ಕಾರಿನಣ್ಣ.

“ಯಾಕೆ, ಅವರಿಗೆ ಬಾಯಿ ಇಲ್ವಾ? ಕೇಳ್ತಾರೆ.”

“ಕೇಳುವವರು ಕೇಳ್ತಾರೆ...”

“ಟಯರು ಕೊಂಡುಹೋದವ ಕೇಳಿ ಕೊಂಡುಹೋದನಾ? ನಿಮಗೆ ಊರೆಲ್ಲ ನೆಂಟರು. ನನ್ನ ಅಡಿಕೆಗೆ ಯಾರು ಕಾವಲು? ನೀವು ಹೇಳಿ ಪೇಪರಿನವರೇ.”

ನಾನು ಕಾಫಿ ಚೆನ್ನಾಗಿದೆ ಎಂದೆ. ಅಕ್ಕ ನಕ್ಕು ಒಳಗೆ ಹೋದರು. ಮುಂದಿನ ವಾರ ಗೋಡೆಗೆ ಮುರಕಲ್ಲು ಹೇರಿದ ಗಾಡಿ ಬಂದು ಅಂಗಳದಲ್ಲಿ ನಿಂತಿತು.

ಕೆಲಸ ಒಪ್ಪವಾಗಿ ಆಯಿತು. ಕೆಂಪು ಮುರಕಲ್ಲಿನ ಗೋಡೆ, ರಸ್ತೆಯ ಕಡೆಗೆ ಹಲಸಿನ ಹಲಗೆಯ ಜೋಡಿ ಬಾಗಿಲು, ಅದಕ್ಕೊಂದು ಕಬ್ಬಿಣದ ಅಡ್ಡಪಟ್ಟಿ, ದೊಡ್ಡ ಬೀಗ. ಕಾರಿನ ಹಿಂದೆ ಅಡಿಕೆ ಮೂಟೆಗಳು ಮಾಡಿನವರೆಗೂ ಏರಿದವು. ಮೊದಲ ದಿನ ಬೀಗ ಹಾಕಿದ ಮೇಲೆ ಅಕ್ಕ ಅದನ್ನು ಎರಡು ಬಾರಿ ಎಳೆದು ನೋಡಿದ್ದು ನನಗೆ ನೆನಪಿದೆ. ಬೀಗದ ಕೈ ಅವರ ಸೊಂಟಕ್ಕೆ ಸೇರಿತು.

ಕಾರು ಒಳಗಿದ್ದರೂ ಬೀಗ, ಹೊರಗಿದ್ದರೂ ಬೀಗ. ಮೂಟೆಗಳಿದ್ದುದರಿಂದ ಬೇರೆ ದಾರಿ ಇರಲಿಲ್ಲ. ಕಚೇರಿಯವರು, ಅಂಗಡಿಯವರು ಅಂಗಳಕ್ಕೆ ಬಂದು ಕರೆಯತೊಡಗಿದರು. ಬಾಡಿಗೆ ಒಂದಿಷ್ಟು ಇಳಿಯಿತು. ಎದುರಿನ ಚಾ ಹೋಟೆಲಿನವರು, “ಈಗ ಅಣ್ಣನಿಗೆ ಊಟ ಪೂರ್ತಿ ಸಿಗ್ತದೆ” ಎಂದು ತಮಾಷೆ ಮಾಡಿದರು. ನಿಜವಾಗಿಯೂ ಸಿಗುತ್ತಿತ್ತು. ಊಟವಾದ ಮೇಲೆ ಸ್ವಲ್ಪ ನಿದ್ದೆಯೂ ಬರುತ್ತಿತ್ತು. ಯಾರು ಬರುವುದು ನಿಂತಿದೆ ಎಂದು ನಾವ್ಯಾರೂ ನೋಡಲಿಲ್ಲ. ಬಾರದವರು ಕಣ್ಣಿಗೆ ಬೀಳುವುದಿಲ್ಲವಷ್ಟೆ.

ಬೇಸಗೆಯ ಒಂದು ಮಧ್ಯಾಹ್ನ ನಾನು ತಾಲೂಕು ಕಚೇರಿಯಿಂದ ಬರುತ್ತ ಆ ಹೋಟೆಲಿಗೆ ಹೊಕ್ಕೆ. ಹೋಟೆಲಿನವರು ಹೇಳಿದರು: “ಪೇಪರಿನವರೇ, ನಿಮಗೊಂದು ಸುದ್ದಿ ಉಂಟು. ಆ ತೆಂಗಿನಕಾಯಿ ಕೀಳುವವ ಮರದಿಂದ ಬಿದ್ದಿದ್ದಾನೆ. ಕೂಡಲೇ ಮಂಗಳೂರಿಗೆ ಕೊಂಡುಹೋಗಿ ಅಂತ ಡಾಕ್ಟ್ರು ಹೇಳಿದ್ರಂತೆ. ಅವನ ತಮ್ಮ, ಇನ್ನಿಬ್ಬರು, ಮಂಚದಲ್ಲಿ ಹೊತ್ತು ತಂದು ಇಲ್ಲೇ ರಸ್ತೆಯಲ್ಲಿ ನಿಂತಿದ್ರು. ಕಾರು ಇರಲಿಲ್ಲ ನೋಡಿ. ಎಷ್ಟೋ ಹೊತ್ತು ಕಾದು ಈಗಷ್ಟೆ ಬಸ್ಸಿನಲ್ಲಿ ಹೋದ್ರು.”

“ಕಾರು ಎಲ್ಲಿಗೆ ಹೋಗಿದೆ?”

“ಬಾಡಿಗೆಗೆ ಹೋಗಿರ್ಬೇಕು. ಬೀಗ ಉಂಟಲ್ಲ. ಊಟದ ಹೊತ್ತು, ಹೋಟೆಲು ಬಿಟ್ಟು ಕೇಳ್ಲಿಕ್ಕೆ ನನಗೂ ಆಗ್ಲಿಲ್ಲ.”

ಬೆಳಿಗ್ಗೆ ಕಾರಿನಣ್ಣ ಕಾರು ತೊಳೆದು ಒಳಗಿಡುವುದನ್ನು ನಾನು ಕಂಡಿದ್ದೆ. ಚಾ ಬಿಟ್ಟು ಅವರ ಮನೆಗೆ ಓಡಿದೆ. ಜಗಲಿಯ ಒಳಬದಿಯಲ್ಲಿ, ಚಾಪೆಯ ಮೇಲೆ, ಹೆಗಲವಸ್ತ್ರ ಮುಖಕ್ಕೆ ಹಾಕಿಕೊಂಡು ಮಲಗಿದ್ದರು.

“ಅಣ್ಣ, ಕಾರು ಉಂಟಾ?”

“ಉಂಟಲ್ಲ, ಯಾಕೆ?” ಎನ್ನುತ್ತಲೇ ಎದ್ದು ಕೂತರು.

ನಾನು ಹೇಳಿದೆ. ಅವರು ಅಕ್ಕನನ್ನು ಕೂಗಿದರು. ಅಕ್ಕ ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟರು. ಬಾಗಿಲು ತೆರೆದಾಗ ಆ ವಾಸನೆ ಬಂತು. ಮೂಟೆಯೊಂದು ಜಾರಿ ಚಕ್ರಕ್ಕೆ ಒರಗಿತ್ತು. ನಾವಿಬ್ಬರೂ ಅದನ್ನು ಎಳೆದು ಹಾಕಿದೆವು. ರಸ್ತೆಗಿಳಿದ ಮೇಲೆ ಅವರು ಕಾರನ್ನು ಅಷ್ಟು ವೇಗವಾಗಿ ಓಡಿಸಿದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಫರಂಗಿಪೇಟೆಯ ಹತ್ತಿರ ಬಸ್ಸು ರಸ್ತೆಯ ಬದಿಗೆ ನಿಂತಿತ್ತು. ಪ್ರಯಾಣಿಕರು ಕೆಳಗಿಳಿದು ಮರದ ನೆರಳಿನಲ್ಲಿ ಗುಂಪಾಗಿದ್ದರು. ಬಸ್ಸಿನ ಹಿಂದಿನ ಸೀಟಿನಲ್ಲಿ ತಮ್ಮ, ಅಣ್ಣನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಕಂಡಕ್ಟರರು ನನ್ನನ್ನು ನೋಡಿ ಕೈ ಅಲ್ಲಾಡಿಸಿದರು. ಎಲ್ಲ ಮುಗಿದಿತ್ತು.

ಹೆಣವನ್ನು ಕಾರಿನಣ್ಣನೇ ಕಾರಿನಲ್ಲಿ ಬಂಟ್ವಾಳಕ್ಕೆ ತಂದರು. ನಾನು ಮುಂದೆ ಕೂತಿದ್ದೆ. ಹಿಂದೆ ತಮ್ಮ, ಅಣ್ಣನ ಹೆಣದ ಜೊತೆ. ಅರ್ಧ ದಾರಿಯಲ್ಲಿ ಕಾರಿನಣ್ಣ ರಸ್ತೆಯಿಂದ ಕಣ್ಣು ತೆಗೆಯದೆ ಅವನನ್ನು ಕೇಳಿದರು:

“ಬಾಗಿಲಲ್ಲಿ ನಿಂತು ಒಂದು ಕೂಗು ಹಾಕ್ಬಾರದಿತ್ತಾ ಮಾರಾಯ? ನಾನು ಒಳಗೇ ಇದ್ದೆ.”

ತಮ್ಮ ಹೇಳಿದ: “ಬೀಗ ಕಂಡೆವು ಧಣಿಗಳೇ. ಬೀಗ ಇದ್ದ ಮೇಲೆ ಯಾರನ್ನು ಕರೆಯುವುದು? ಊಟದ ಹೊತ್ತು ಬೇರೆ. ಅಂಗಳಕ್ಕೆ ಹೇಗೆ ಬರುವುದು ನಾವು?”

ಅವನ ದನಿಯಲ್ಲಿ ಆಕ್ಷೇಪ ಇರಲಿಲ್ಲ. ನಡೆದದ್ದನ್ನು ಹೇಳಿದ, ಅಷ್ಟೆ. ಅದೇ ಮನುಷ್ಯ ಹಿಂದೆ ಶೆಡ್ಡಿನಲ್ಲಿ ನಿಂತು ಹಾರ್ನು ಹಿಸುಕಿ ‘ಅಣ್ಣಾ’ ಎಂದು ಕರೆದದ್ದನ್ನು ನಾನು ಕೇಳಿದ್ದೆ. ಈಗ ಧಣಿಗಳೇ ಎಂದಿದ್ದ. ಕಾರಿನಣ್ಣನಿಗೂ ಅದು ಕೇಳಿಸಿತು. 

ಕಾರು ಸಿಕ್ಕಿದ್ದರೆ ಅವನು ಬದುಕುತ್ತಿದ್ದನೇ? ಆಮೇಲೆ ನಾನು ಡಾಕ್ಟರರನ್ನು ಕೇಳಿದೆ. ಹೇಳಲು ಬರುವುದಿಲ್ಲ ಎಂದರು. ಅದನ್ನೇ ಕಾರಿನಣ್ಣನಿಗೆ ತಿಳಿಸಿದೆ, ಸ್ವಲ್ಪ ಸಮಾಧಾನವಾದೀತೆಂದು. ಅವರು ತಲೆಯಾಡಿಸಿದರು. “ಹೇಳಲು ಬರುವುದಿಲ್ಲ ಅಂದ್ರು, ಅಲ್ವಾ?” ಎಂದು ಮರಳಿ ಕೇಳಿದರು. ‘ಬದುಕುತ್ತಿರಲಿಲ್ಲ’ ಎಂದಿದ್ದರೆ ಚೆನ್ನಾಗಿತ್ತು ಎಂದು ಅವರ ಮುಖ ಹೇಳುತ್ತಿತ್ತು.

ಬಾಗಿಲು ತೆಗೆಸುವ ಮಾತನ್ನು ಮೊದಲು ಎತ್ತಿದವರು ಅಕ್ಕ. ಅಡಿಕೆಯನ್ನು ಬಂದ ಧಾರಣೆಗೆ ಕೊಟ್ಟುಬಿಟ್ಟರು. ಬಡಗಿ ಬಂದು ಜೋಡಿ ಬಾಗಿಲನ್ನು ಕಳಚಿ ಹಿತ್ತಿಲಿನ ಗೋಡೆಗೆ ಒರಗಿಸಿದ. ಪಕ್ಕದ ಗೋಡೆಗಳನ್ನೂ ಕೆಡವಿಸಿದರು. ಹಳೆಯ ಕಲ್ಲಿನ ಕಂಬಗಳು ಮತ್ತೆ ಕಂಡವು. ಕಾರು ಮೊದಲಿನಂತೆಯೇ ರಸ್ತೆಗೆ ಮುಖ ಮಾಡಿ ನಿಂತಿತು.

ಆದರೆ ಜನ ಮೊದಲಿನಂತೆ ಬರಲಿಲ್ಲ. ಕೋಪವಿತ್ತೆಂದಲ್ಲ. ಒಂದೆರಡು ವರ್ಷದಲ್ಲಿ ಅಭ್ಯಾಸ ತಪ್ಪಿತ್ತು. ಬಸ್ಸು ನಿಲ್ಲುವಲ್ಲಿ ಬೇರೆ ಬಾಡಿಗೆ ಕಾರುಗಳು ಬಂದಿದ್ದವು; ಅಲ್ಲಿ ಯಾರ ಅಂಗಳವನ್ನೂ ದಾಟಬೇಕಿರಲಿಲ್ಲ. ಬಂದ ಕೆಲವರೂ ಶೆಡ್ಡಿನೊಳಗೆ ಕಾಲಿಡದೆ ರಸ್ತೆಯಲ್ಲೇ ನಿಂತು ಕೆಮ್ಮುತ್ತಿದ್ದರು. ಕಾರಿನಣ್ಣ ಹೊರಗೆ ಬಂದು, “ಹಾರ್ನು ಒತ್ತಿ ಮಾರಾಯ್ರೆ, ಒತ್ತಿ, ಅದಕ್ಕೇನೂ ಆಗುವುದಿಲ್ಲ” ಎನ್ನುತ್ತಿದ್ದರು. ಬಂದವರು ಸಂಕೋಚದಿಂದ ನಗುತ್ತಿದ್ದರು. ಒತ್ತುತ್ತಿರಲಿಲ್ಲ.

ಅರವತ್ತರ ದಶಕದ ನಡುವೆ ಅವರು ಕಾರು ಮಾರಿ ಬೆಳ್ತಂಗಡಿಗೆ, ಅಕ್ಕನ ಪಾಲಿಗೆ ಬಂದ ಮನೆಗೆ ಹೋದರು. ನಾನು ಆಗ ಮಂಗಳೂರಿನ ಕಚೇರಿಯಲ್ಲಿದ್ದೆ. ವರದಿಯ ಕೆಲಸಕ್ಕೆ ಆ ಕಡೆ ಹೋದಾಗ ಒಮ್ಮೆ ಅವರ ಮನೆ ಹುಡುಕಿಕೊಂಡು ಹೋದೆ. ಊಟ ಬಡಿಸಿದರು. ಹಳೆಯ ಮಾತುಗಳಾದವು. ಭಟ್ಟರ ಮೂಗಿನ ಕತೆಗೆ ಇಬ್ಬರೂ ನಕ್ಕೆವು. ಊಟವಾದ ಮೇಲೆ ಅಕ್ಕ ನನಗೆ ಚಾಪೆ ಹಾಸಿದರು. ಒಂದೇ ಚಾಪೆ.

“ನೀವು ಮಲಗುವುದಿಲ್ವಾ ಅಣ್ಣ?”

“ಇಲ್ಲ ಮಾರಾಯ್ರೆ. ಹಗಲು ಮಲಗುವುದು ಬಿಟ್ಟಿದ್ದೇನೆ.”

ಅವರು ಹೋಗಿ ಜಗಲಿಯ ಅಂಚಿನಲ್ಲಿ, ಕಂಬಕ್ಕೆ ಒರಗಿ, ದಾರಿಯ ಕಡೆಗೆ ಮುಖ ಮಾಡಿ ಕೂತರು. ಅಕ್ಕ ದನಿ ತಗ್ಗಿಸಿ, “ದಿನವೂ ಹೀಗೇ. ಈಗ ಕಾರೂ ಇಲ್ಲ, ಎಂತದೂ ಇಲ್ಲ. ಇಲ್ಲಿಗೆ ಯಾರು ಬರ್ಬೇಕು ಹೇಳಿ” ಎಂದರು. ಹೇಳುತ್ತ ಅವರ ಕಣ್ಣು ತುಂಬಿತು. ಗೋಡೆ ಕಟ್ಟಿಸಿದ್ದು ತಾನೆಂದು ಅವರು ಒಮ್ಮೆಯೂ ಬಾಯಿ ಬಿಟ್ಟು ಹೇಳಿದವರಲ್ಲ. ನೀನೇ ಎಂದು ಕಾರಿನಣ್ಣ ಒಮ್ಮೆಯೂ ಹೇಳಲಿಲ್ಲ. ಆ ಮನೆಯಲ್ಲಿ ಅಷ್ಟು ವರ್ಷ ಅದು ಹಾಗೆಯೇ ಇತ್ತು...

ನಾನು ಚಾಪೆಯ ಮೇಲೆ ಮಲಗಿದೆ, ನಿದ್ದೆ ಬರಲಿಲ್ಲ. ಬಿಸಿಲಿಗೆ ದಾರಿ ಬೆಳ್ಳಗೆ ಹೊಳೆಯುತ್ತಿತ್ತು. ಯಾರೂ ಬರಲಿಲ್ಲ. ಅದೇ ಕೊನೆಯ ಭೇಟಿ. ಅವರು ತೀರಿಕೊಂಡ ವಿಷಯ ನನಗೆ ಗೊತ್ತಾದದ್ದು ಎಷ್ಟೋ ತಿಂಗಳ ಮೇಲೆ, ಬೇರೆ ಯಾವುದೋ ಮಾತಿನ ನಡುವೆ.

ಪುತ್ತಿಗೆಯ ಅಂಗಳದಲ್ಲಿ ನಿಂತು ಇಷ್ಟನ್ನೂ ನಾನು ಚಿಕ್ಕಮ್ಮನ ಮಗನಿಗೆ ಹೇಳಿದೆ. ಅವನು ಅಡ್ಡ ಬಾಯಿ ಹಾಕದೆ ಕೇಳಿದ. ಆಮೇಲೆ ನಿಧಾನವಾಗಿ, “ಆದರೂ ಅಣ್ಣ, ಮುಚ್ಚದೆ ಇರ್ಲಿಕ್ಕೆ ಆಗ್ತದಾ? ಮತ್ತೆ ಈಗ ನಮ್ಮ ಕಾರು ಯಾರಿಗೆ ಬೇಕು? ಈ ರಸ್ತೆಯಲ್ಲಿ ಎಲ್ಲರ ಮನೆಯಲ್ಲೂ ಕಾರುಂಟು” ಎಂದ.

ಅವನು ಹೇಳಿದ್ದು ಸರಿ. ಒಬ್ಬರ ಕಾರು ಮನೆಯಲ್ಲಿದೆಯೋ ಇಲ್ಲವೋ ಎಂದು ಇನ್ನೊಬ್ಬರು ನೋಡಬೇಕಾದ ಕಾಲ ಮುಗಿದಿದೆ. ಬೇಕಾದ ಹೊತ್ತಿಗೆ ತಾನು ಸಿಗಲಿಲ್ಲವಲ್ಲ ಎಂದು ಉಳಿದ ಆಯುಷ್ಯವಿಡೀ ದಾರಿ ನೋಡುತ್ತ ಕೂರಬೇಕಾದ ಗತಿ ಈಗ ಯಾರಿಗೂ ಇಲ್ಲ. ಅದು ಒಳ್ಳೆಯದೇ ಇರಬೇಕು. ಹಾಗೆ ಕೂರುವಂಥವರೂ ಇಲ್ಲ ಎಂಬುದು ಮಾತ್ರ ನನಗೆ ಒಳ್ಳೆಯದಾಗಿ ಕಾಣಲಿಲ್ಲ.

ಅವನು ಶಟರ್ ಎಳೆದು ಬೀಗ ಹಾಕಿದ. ನಾವು ಊಟಕ್ಕೆ ಒಳಗೆ ಹೋದೆವು.