ಮಾನ್ವಿ ರಸ್ತೆಯಲ್ಲಿ ನಿಂತಿರುವ ಸಿಮೆಂಟಿನ ನಾನು

"ಸರ್, ಈಗ ನಿಮ್ಮನ್ನ ಮಾನ್ವಿ ರೋಡಿನ್ಯಾಗ ನೋಡಿದೆವ್ರಿ."

ಫೋನ್ ಮಾಡಿದವರು ಒಬ್ಬ ಓದುಗರು. ನಾನೋ, ರಾಯಚೂರಿನ ನನ್ನ ಮನೆಯ ಹಿತ್ತಲಲ್ಲಿ ಲುಂಗಿ ಸುತ್ತಿಕೊಂಡು ಹಲ್ಲುಜ್ಜುತ್ತಿದ್ದೆ. ಬಾಯಿ ತುಂಬ ನೊರೆ. "ನಾನಲ್ರೀ, ನಾ ಮನ್ಯಾಗ ಅದೀನಿ" ಎಂದೆ.

"ಇಲ್ರಿ, ನೀವ. ಚರಿಗಿ ಹಿಡ್ಕೊಂಡು ನಿಂತೀರಿ. ನಮಸ್ಕಾರ ಮಾಡಿದರೂ ತಿರುಗಿ ಮಾಡ್ಲಿಲ್ಲ ನೀವು. ಬ್ಯಾಸರಾಗಿ ಫೋನ್ ಹಚ್ಚೀನಿ."

(ಚರಿಗಿ ಎಂದರೆ ಗೊತ್ತಲ್ಲ? ಬೆಳಗಿನ ಹೊತ್ತು ಬಯಲಿಗೆ ಹೋಗುವವರ ಕೈಯಲ್ಲಿರುತ್ತಿದ್ದ ಚೊಂಬು. ಅದರಲ್ಲಿ ಯಾರೂ ನೀರು ಕುಡಿಯುವುದಿಲ್ಲ.)

ಬಾಯಿ ಮುಕ್ಕಳಿಸುವಷ್ಟರಲ್ಲಿ ವಾಟ್ಸ್ಯಾಪಿಗೆ ಫೋಟೊ ಬಂತು. ನೋಡಿದೆ. ನಾನೇ! ಸಿಮೆಂಟಿನವನು. ನನಗಿಂತ ಒಂದು ಗೇಣು ಎತ್ತರ, ಗಿಳಿಹಸಿರು ಅಂಗಿ, ಬಿಳಿ ಧೋತರ. ಆದರೆ ಕನ್ನಡಕ ನನ್ನದು, ಅಗಲ ಹಣೆ ನನ್ನದು, ಆ ಪೊದೆಮೀಸೆಯಂತೂ ನೂರಕ್ಕೆ ನೂರು ನನ್ನದು. ಎಡಗೈಯಲ್ಲಿ ಚರಿಗಿ. ಬಲಗೈ ಬೆರಳು ಹಿಂದಿನ ಸಂಡಾಸದ ಬಾಗಿಲ ಕಡೆಗೆ.

ನನ್ನ ಚಟ ಹಳೆಯ ಓದುಗರಿಗೆ ಗೊತ್ತು. ದಾರಿಬದಿಯಲ್ಲಿ ಏನೇ ವಿಚಿತ್ರ ಕಂಡರೂ ಗಾಡಿ ನಿಲ್ಲಿಸುತ್ತೇನೆ. ಎಮ್ಮೆಯಂತೆ ಕಾಣುವ ಸಿಮೆಂಟಿನ ಆನೆ, ಡ್ರಾಯಿಂಗ್ ಮಾಸ್ತರರು ನಿವೃತ್ತಿಯಾದ ಮೇಲೆ ಪಡಸಾಲೆಯಲ್ಲಿ ತೆರೆದ ಆರ್ಟ್ ಗ್ಯಾಲರಿ, ಬೀಗದ ಕೈ ಪಕ್ಕದ ಮನೆಯ ಅಮ್ಮನ ಸೆರಗಿನಲ್ಲಿರುವ ಮ್ಯೂಸಿಯಂ, ಯಾವುದನ್ನೂ ಬಿಟ್ಟವನಲ್ಲ. ಇದೇ ಅಂಕಣದಲ್ಲಿ ಅವುಗಳನ್ನೆಲ್ಲ ಗೇಲಿಯನ್ನೂ ಮಾಡಿದ್ದೇನೆ. ಹೆಂಡತಿ ಗಿರಿಜಾ ಫೋಟೊ ನೋಡಿ ಒಂದೇ ಮಾತು ಹೇಳಿದಳು. "ಆತಲ್ಲ ಈಗ? ಇಷ್ಟು ದಿನ ನೀವು ನೋಡಾಕ ಹೋಗ್ತಿದ್ರಿ. ಇನ್ನ ಮ್ಯಾಲ ಮಂದಿ ನಿಮ್ಮನ್ನ ನೋಡಾಕ ಬರ್ತಾರ."

ನಾನೂ ನಕ್ಕುಬಿಡುತ್ತಿದ್ದೆ. ಆದರೆ ಭಾನುವಾರ ಬೀಗರು ಬರುವವರಿದ್ದರು!

ನನ್ನ ಮಗಳು ಸುಮಾ ಮಾನ್ವಿಯಲ್ಲಿ ಟೀಚರ್. ಅದೇ ಶಾಲೆಯಲ್ಲಿ ಮಾಸ್ತರನಾಗಿರುವ ಹುಡುಗನೊಬ್ಬನನ್ನು ಮೆಚ್ಚಿದ್ದಾಳೆ, ಹುಡುಗ ಚಿನ್ನದಂಥವನು. ಅವನ ಅಪ್ಪ ತಿಮ್ಮಣ್ಣನವರು ಮಾತ್ರ ಹಳೇ ಕಾಲದವರು, ರೀತಿ ರಿವಾಜು ಬಿಡದ ಮನುಷ್ಯ. ಆತ, ಆತನ ಹೆಂಡತಿ ಹುಲಿಗೆಮ್ಮ ಮೊದಲ ಸಲ ನಮ್ಮ ಮನೆ ನೋಡಲು, ನನ್ನ ಮುಖ ನೋಡಲು ಬರುತ್ತಿದ್ದಾರೆ. ಮಾನ್ವಿಯಿಂದ ರಾಯಚೂರಿಗೆ. ಅದೇ ರಸ್ತೆಯಲ್ಲಿ. ನನಗಿಂತ ಮೊದಲು ಅವರಿಗೆ ಸಿಮೆಂಟಿನವನೇ ಸಿಗುತ್ತಾನೆ. ಆಮೇಲೆ ನಾನು ಬಾಗಿಲಲ್ಲಿ ನಿಂತು, ಬಲಗೈ ಚಾಚಿ "ಬರ್ರಿ ಬರ್ರಿ, ಒಳಗ ಬರ್ರಿ" ಎಂದರೆ ಅವರಿಗೆ ಏನು ನೆನಪಾಗಬೇಕು, ನೀವೇ ಹೇಳಿ?

ಮರುದಿನವೇ ಗಿರಿಜಾಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಹೊರಟೆ. ಅದೊಂದು ಹೊಸ ಊಟದ ಹೋಟೆಲ್. ಮುಂದೆ ಸಿಮೆಂಟಿನ ಹಳ್ಳಿ: ಕುರಿ ಕಾಯುವವನು, ರೊಟ್ಟಿ ಬಡಿಯುವವಳು, ಪೊಲೀಸ್ ಪಾಟೀಲ. ಹಿಂದೆ ಒಂದು ಖೋಲಿಯಲ್ಲಿ ಮ್ಯೂಸಿಯಂ: ನಿಜಾಮರ ಕಾಲದ ಬೀಗ, ಮೂಕವಾದ ಗ್ರಾಮಫೋನ್, "ಮುಟ್ಟಬಾರದು" ಎಂದು ಚೀಟಿ ಹಚ್ಚಿದ ರುಬ್ಬುವ ಕಲ್ಲು. ಅಂದು ಕರೆಂಟ್ ಹೋಗಿತ್ತು. ಅಡುಗೆಯವಳು ಚೀಟಿಯನ್ನು ಪಕ್ಕಕ್ಕೆ ಸರಿಸಿ ಅದರಲ್ಲೇ ಚಟ್ನಿ ರುಬ್ಬುತ್ತಿದ್ದಳು.

ಮಾಲೀಕ ಅಮರೇಶ ನನ್ನನ್ನು ಕಂಡವನೇ ಬಾಯಿ ತೆರೆದ. ಓಡಿಹೋಗಿ ಮೂರ್ತಿ ನೋಡಿದ, ಓಡಿಬಂದು ನನ್ನನ್ನು ನೋಡಿದ. "ಅಲಲಲಾ! ನೀವು ಖರೇನ ಅದೀರೇನ್ರೀ? ನಾ ಸುಮ್ಮ ಒಂದು ಮುಖ ಅಂತ ತಿಳಿದಿದ್ದೆ!"

ಭಾನುವಾರ ಒಂದು ದಿನದ ಮಟ್ಟಿಗಾದರೂ ಅದಕ್ಕೊಂದು ಗೋಣಿಚೀಲ ಹೊದಿಸಪ್ಪಾ ಎಂದು ಕೇಳಿಕೊಂಡೆ. ಅವನು ಒಪ್ಪಲಿಲ್ಲ. "ಬ್ಯಾಡ್ರಿ ಸರ. ಮೊದಲ ಇಲ್ಲಿ ದೊಡ್ಡ ಬೋರ್ಡ್ ಬರೆಸಿದ್ದೆ. ಒಬ್ಬರೂ ಓದ್ಲಿಲ್ಲ. ಎಲ್ಲಾರೂ ಬೇವಿನ ಗಿಡದ ಬುಡಕ್ಕ ಹೋಗ್ತಿದ್ರು, ಗಿಡಾನ ಒಣಗಾಕತ್ತಿತ್ತು. ನೀವು ನಿಂತ ಮ್ಯಾಲ ನೋಡ್ರಿ, ಮಂದಿ ಸೀದಾ ಸಂಡಾಸಕ್ಕ ಹೋಗ್ತಾರ. ಗಿಡಾನೂ ಚಿಗಿತು."

ಬರೆದದ್ದನ್ನು ಯಾರೂ ಓದುವುದಿಲ್ಲ ಎಂದು ಒಬ್ಬ ಅಂಕಣಕಾರನ ಮುಖದ ಮೇಲೆಯೇ ಹೇಳುತ್ತಾನಲ್ಲ, ಇವನಿಗೆ ಏನೆನ್ನಬೇಕು? ಗಿರಿಜಾ ಅಷ್ಟರಲ್ಲಿ ಸಿಮೆಂಟಿನ ನನ್ನ ಜೊತೆ ಸೆಲ್ಫಿ ತೆಗೆಯುತ್ತಿದ್ದಳು. "ಇವರ ಚಲೋ ಅದಾರ್ರೀ, ಎದುರುತ್ತರ ಕೊಡಂಗಿಲ್ಲ" ಎಂದಳು.

ಮೂರ್ತಿ ಮಾಡಿದ ಕಲಾವಿದ ದೇವದುರ್ಗದ ಮೌನೇಶಪ್ಪ. ಗುಡಿಗಳ ಗೋಪುರಕ್ಕೆ ದೇವರುಗಳನ್ನು ಮಾಡುವವರು. ಬಸ್ ಹತ್ತಿ ದೇವದುರ್ಗಕ್ಕೆ ಹೋದೆ. ಅವರ ಅಂಗಳದ ಮುಂದೆ ಯಾವ ಆರ್ಟ್ ಮ್ಯೂಸಿಯಮ್ಮೂ ಸಮವಲ್ಲ, ನಂಬಿ. ಬಾಲ ಇನ್ನೂ ಬಾರದ ಹನುಮಂತ, ಒಂದೇ ಕೊಂಬಿನ ನಂದಿ, ಸಾಲಾಗಿ ಒಣಗಲು ಇಟ್ಟ ಕೈಗಳು. ಲಕ್ಷ್ಮಿಯ ಎರಡು ಕೈಗಳಿಗೆ ಯಾರೋ ಟವೆಲ್ ಒಣಹಾಕಿದ್ದರು. ಬಂದ ಕೆಲಸ ಮರೆತು ಹೊತ್ತು ಹೋದದ್ದೇ ಗೊತ್ತಾಗದಂತೆ ನೋಡಿದೆ.

"ನನ್ನ ಮುಖಾನ ಯಾಕ ಬೇಕಾತ್ರೀ ನಿಮಗ?" ಎಂದು ಕೊನೆಗೆ ಕೇಳಿದೆ.

ಮೌನೇಶಪ್ಪ ನಾಚಿಕೊಂಡರು. "ಮಿರ್ಚಿ ಕಟ್ಟಿಕೊಟ್ಟ ಪೇಪರಿನ್ಯಾಗ ನಿಮ್ಮ ಫೋಟೊ ಇತ್ರಿ. ಎಣ್ಣಿ ಹತ್ತಿ ಮುಖ ಫಳಫಳ ಹೊಳ್ಯಾಕತ್ತಿತ್ತು. ಅದರಾಗ ನಿಮ್ಮ ಬಟ್ಟು ಆಗ್ಲೇ ದಾರಿ ತೋರಸಾಕತ್ತಿತ್ತಲ್ಲ, ನನಗ ಅರ್ಧಾ ಕೆಲಸ ಉಳೀತು."

ಈ ಪುಟದ ತಲೆಯಲ್ಲಿ ನನ್ನದೊಂದು ಫೋಟೊ ಇದೆ, ನೋಡಿ. ಜಗತ್ತಿಗೆ ಬುದ್ಧಿ ಹೇಳುವವನಂತೆ ಬೆರಳೆತ್ತಿದ್ದೇನೆ. ಆ ಬೆರಳು ಮಾಡಿದ ಅನಾಹುತ ಇದು.

ಮುಖ ಸ್ವಲ್ಪ ಬದಲಾಯಿಸಿ, ಮೀಸೆಯೊಂದನ್ನು ಕೆತ್ತಿ ತೆಗೆದರೂ ಸಾಕು ಎಂದೆ. ಅವರು ಕೈಮುಗಿದರು. "ಕಣ್ಣು ತೆರೆಸಿದ ಮ್ಯಾಲ ಮುಖಕ್ಕ ಉಳಿ ಹಚ್ಚಂಗಿಲ್ರಿ. ಅದು ನಮ್ಮ ಹಿರ್ಯಾರಿಂದ ಬಂದದ್ದು."

"ಸಂಡಾಸ ತೋರಿಸೋ ಮೂರ್ತಿಗೂ?"

"ಮೂರ್ತಿ ಅಂದ್ರ ಮೂರ್ತೀನ ರೀ." ಆಮೇಲೆ ನನ್ನ ಮುಖವನ್ನು ಕಲಾವಿದನ ಕಣ್ಣಿನಿಂದ ಆ ಕಡೆ ಈ ಕಡೆ ತಿರುಗಿಸಿ ನೋಡಿದರು. "ಅದರ ಮೀಸಿ ತೆಗಿಯಾಕ ಬರಂಗಿಲ್ಲ ಖರೆ. ನಿಮ್ಮದು ತೆಗಿಬಹುದಲ್ರೀ? ಮೀಸಿ ಹೋದ್ರ ನೀವು ಯಾರಂತ ನಿಮ್ಮ ಮನಿ ನಾಯಿಗೂ ಗುರುತು ಸಿಗಂಗಿಲ್ಲ."

ಎಂಥ ಐಡಿಯಾ! ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವರ ಬುದ್ಧಿಯನ್ನು ಹೊಗಳುತ್ತ ಬಂದೆ. ವಿನಾಶಕಾಲೇ ವಿಪರೀತ ಬುದ್ಧಿ ಎನ್ನುವುದು ಸುಳ್ಳಲ್ಲ.

ಭಾನುವಾರ ಬೆಳಿಗ್ಗೆ ಕಟಿಂಗ್ ಶಾಪಿಗೆ ಹೋಗಿ ಮೀಸೆ ಬೋಳಿಸಿಕೊಂಡು ಮನೆಗೆ ಬಂದೆ. ಮೊದಲು ಎದುರಾದವರು ನನ್ನ ಅಪ್ಪ. ವಯಸ್ಸಾಗಿದೆ, ಸಿಟ್ಟಿಗೆ ಮಾತ್ರ ಇನ್ನೂ ಹರೆಯ.

"ಲೇ! ಯಾರು ಸತ್ರಂತ ಬೋಳಿಸ್ಕೊಂಡು ಬಂದಿ? ನಾ ಇನ್ನಾ ಅದೀನಿ!"

ಕೈ ತಾನಾಗಿ ಮೂಗಿನ ಕೆಳಗೆ ಹೋಯಿತು. ನಮ್ಮ ಕಡೆ ಅಪ್ಪ ಬದುಕಿರುವವರೆಗೆ ಮಗ ಮೀಸೆ ತೆಗೆಯುವುದಿಲ್ಲ. ಮೀಸೆ ಬೋಳಿಸಿದ ಗಂಡಸನ್ನು ಕಂಡರೆ "ಯಾರು ಹೋದ್ರೀ?" ಎಂದೇ ಕೇಳುತ್ತಾರೆ. ಇದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ತಲೆಯ ತುಂಬ ಚರಿಗಿಯೇ ಇದ್ದಾಗ ಬೇರೇನೂ ಹೊಳೆಯುವುದಿಲ್ಲ.

ಅಪ್ಪ ನನ್ನ ಯಾವ ಮಾತನ್ನೂ ಕೇಳಲಿಲ್ಲ. ಪಡಸಾಲೆಯ ಮಂಚದ ಮೇಲೆ ಉದ್ದಕ್ಕೆ ಮಲಗಿ, ಬಿಳಿ ಧೋತರವನ್ನು ತಲೆತನಕ ಎಳೆದುಕೊಂಡರು. "ಬೀಗ್ರು ಬಂದ್ರ ನನ್ನ ಎಬ್ಬಿಸಬ್ಯಾಡ್ರಿ. ಹೆಂಗೂ ನಿನ್ನ ಪಾಲಿಗೆ ನಾ ಸತ್ತೀನಲ್ಲ" ಎಂದು ಧೋತರದೊಳಗಿಂದಲೇ ಗುಡುಗಿ, ಸ್ವಲ್ಪ ಹೊತ್ತಿನಲ್ಲಿ ನಿದ್ದೆ ಹೋದರು.

ಬೀಗರು ಬಂದರು. ಅವರ ಕಣ್ಣಿಗೆ ಏನೇನು ಬಿತ್ತು ಎಂಬುದನ್ನು ಈಗ ನೆನೆಸಿಕೊಂಡರೂ ಬೆವರು ಬರುತ್ತದೆ. ಅಂಗಳದಲ್ಲಿ ಬಾಡಿಗೆ ಕುರ್ಚಿಗಳು (ಹೆಚ್ಚು ಜನ ಬಂದರೆ ಇರಲಿ ಎಂದು ತರಿಸಿದ್ದೆ). ಬಾಗಿಲ ಬಳಿ ಓಣಿಯ ಹೆಣ್ಣುಮಕ್ಕಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು (ಭಜಿಗೆ ಉಳ್ಳಾಗಡ್ಡಿ ಹೆಚ್ಚುತ್ತಿದ್ದರು). ಒಳಗೆ ಊದಿನಕಡ್ಡಿಯ ಹೊಗೆ (ಮನೆ ಘಮಘಮಿಸಲಿ ಎಂದು ಗಿರಿಜಾ ಹಚ್ಚಿದ್ದಳು). ಮಂಚದ ಮೇಲೆ ತಲೆತನಕ ಬಿಳಿ ಬಟ್ಟೆ ಹೊದ್ದ ಹಿರಿಯರು. ಪಕ್ಕದಲ್ಲಿ ಮೀಸೆ ಬೋಳಿಸಿಕೊಂಡು, ಪೆಚ್ಚುಮೋರೆ ಹಾಕಿಕೊಂಡು ನಿಂತ ಮಗ.

ತಿಮ್ಮಣ್ಣನವರು ಹೊಸ್ತಿಲಾಚೆಯೇ ನಿಂತರು. ಚಪ್ಪಲಿ ಬಿಡಲಿಲ್ಲ. "ಒಂದು ಫೋನ್ ಆದ್ರೂ ಮಾಡಬೇಕಿತ್ರೀ ಬೀಗ್ರ" ಎಂದರು ಮೆಲ್ಲಗೆ.

ನಾನು ಬಾಯಿ ತೆರೆಯುವಷ್ಟರಲ್ಲಿ ಹುಲಿಗೆಮ್ಮ ಒಳಗೆ ನುಗ್ಗಿ, ಮಂಚದ ಕಾಲು ಹಿಡಿದು ಕೂತು, ದನಿ ತೆಗೆದು ಶುರುಮಾಡಿಯೇ ಬಿಟ್ಟರು. "ಅಯ್ಯಯ್ಯೋ ನಮ್ಮಪ್ಪಾ! ಮಮ್ಮಗಳ ಲಗ್ನಾ ನೋಡದ ಹೋದೆಲ್ಲೋ ಯಪ್ಪಾ! ನಿನ್ನ ಮುಖ ನೋಡೋ ಪುಣ್ಯಾನೂ ನಮಗ ಇಲ್ದಂಗಾತಲ್ಲೋ!"

ಧೋತರ ಅಲುಗಾಡಿತು. ಅಪ್ಪ ಎದ್ದು ಕೂತರು. ಹುಲಿಗೆಮ್ಮನನ್ನು ಮೇಲಿಂದ ಕೆಳಗೆ ನೋಡಿ, "ಯಾಕವ್ವಾ, ಇನ್ನಾ ಚಾ ಕೊಟ್ಟಿಲ್ಲೇನು ಇವರು?" ಎಂದರು.

ಆಮೇಲೆ ನಡೆದ ಕೂಗಾಟ, ಓಡಾಟ, ಬಿದ್ದ ಕುರ್ಚಿಗಳು ಎಲ್ಲವನ್ನೂ ಬರೆಯಲು ಈ ಜಾಗ ಸಾಲದು. ಹುಲಿಗೆಮ್ಮನಿಗೆ ನೀರು ಕುಡಿಸಿದ್ದಾಯಿತು. ತಿಮ್ಮಣ್ಣನವರ ಮುಖ ಮಾತ್ರ ಗಂಟಿಕ್ಕಿತು. "ಯಪ್ಪ ಗುಂಡುಕಲ್ಲು ಇದ್ದಂಗ ಅದಾರ. ಮತ್ತ ಮೀಸಿ ಯಾಕ ತೆಗಿಸೀರಿ? ಅಪ್ಪ ಇರೋವಾಗ ಮೀಸಿ ತೆಗಿಯೋ ಮನಿತನದಾಗ ನಾವು ಹೆಂಗ ಸಂಬಂಧ ಮಾಡೂದು?"

ಅಡುಗೆಮನೆ ಬಾಗಿಲಲ್ಲಿ ಸುಮಾ ಭಜಿಯ ತಾಟು ಹಿಡಿದು ನಿಂತಿದ್ದಳು. ಅವಳ ಕಣ್ಣಲ್ಲೂ ನೀರು. ಅದು ಉಳ್ಳಾಗಡ್ಡಿಯದಲ್ಲ. ಮಾನ ಉಳಿಸಿಕೊಳ್ಳಲು ಹೋಗಿ ಮಗಳ ಮದುವೆಯನ್ನೇ ಕಳೆಯುತ್ತಿದ್ದೇನಲ್ಲ? ಹೋದರೆ ಹೋಗಲಿ ಹಾಳು ಮಾನ! ಫೋನ್ ತೆಗೆದು, ಗಿರಿಜಾಳ ಸೆಲ್ಫಿಯನ್ನು ಬೀಗರ ಮುಂದೆ ಹಿಡಿದು, ಮಿರ್ಚಿ ಪೇಪರಿನಿಂದ ಹಿಡಿದು ಮೀಸೆಯ ತನಕ ಎಲ್ಲವನ್ನೂ ಒಂದೇ ಉಸಿರಿಗೆ ಒದರಿಬಿಟ್ಟೆ.

ಹುಲಿಗೆಮ್ಮ ಫೋನ್ ಇಸಿದುಕೊಂಡರು. ನನ್ನ ಮುಖದ ಪಕ್ಕಕ್ಕೆ ಹಿಡಿದರು. ತಮ್ಮ ಹೆಬ್ಬೆರಳನ್ನು ನನ್ನ ಮೂಗಿನ ಕೆಳಗೆ ಮೀಸೆಯಂತೆ ಅಡ್ಡ ಇಟ್ಟು ನೋಡಿದರು.

"ಯವ್ವಾ! ಆ ಪುಣ್ಯಾತ್ಮ ನೀವೇನ್ರೀ?"

"ಹೌದ್ರಿ" ಎಂದೆ ತಲೆ ತಗ್ಗಿಸಿ.

"ನಂದು ಸಕ್ಕರಿ ಬ್ಯಾನಿ ರೀ ಅಣ್ಣಾರ. ಮಾನ್ವಿ ದಾಟಿದಾಗಿಂದ ಹಲ್ಲು ಕಚ್ಚಿ ಕುಂತಿದ್ದೆ. ಗಂಡಸರ ಮುಂದ ಹೆಂಗ ಹೇಳೂದು, ಯಾರನ್ನ ಕೇಳೂದು? ಚಾಕ್ಕಂತ ಆ ಹೋಟೆಲ್ ಮುಂದ ಗಾಡಿ ನಿಂತಿದ್ದ ತಡ, ನಿಮ್ಮ ಮುಖ ಕಾಣ್ತು. ಏನೂ ಕೇಳಲಿಲ್ಲ, ಬಟ್ಟು ತೋರಿಸಿದ ಕಡೆ ಓಡಿದೆ. ಹೊರಗ ಬಂದು ನಿಮಗ ಕೈಮುಗಿದು ಬಂದೀನಿ, ದೇವರಾಣಿ! ಹಾದ್ಯಾಗ ಹೆಣ್ಣುಮಕ್ಕಳ ಕಷ್ಟ ಇಷ್ಟು ತಿಳಿದಾವ್ರು ಸೊಸಿನ ಹೆಂಗ ಬೆಳಸಿರಬೇಕು!" ಎಂದವರೇ ಗಂಡನ ಕಡೆ ತಿರುಗಿದರು. "ನೋಡ್ರಿ, ಈ ಸಂಬಂಧ ಬಿಡಂಗಿಲ್ಲ."

ತಿಮ್ಮಣ್ಣನವರು ಆಗ ಚಪ್ಪಲಿ ಬಿಟ್ಟರು. ಒಂದೇ ಷರತ್ತು: ಮೀಸೆ ಪೂರ್ತಿ ಬೆಳೆಯುವ ತನಕ ನಿಶ್ಚಯದ ಮಾತಿಲ್ಲ. ಬೋಳುಮೂತಿಯ ಬೀಗನ ಫೋಟೊ ನೋಡಿದರೆ ಬಂಧುಬಳಗದವರೆಲ್ಲ ಸಾಂತ್ವನ ಹೇಳಲು ಬರುತ್ತಾರಂತೆ. ಹೀಗಾಗಿ ಮಗಳು ಈಗ ಮಾನ್ವಿಯಿಂದ ಬಂದಾಗಲೆಲ್ಲ ನನ್ನ ಗದ್ದ ಹಿಡಿದು ಬೆಳೆ ಹೇಗಿದೆ ಎಂದು ಪರೀಕ್ಷೆ ಮಾಡುತ್ತಾಳೆ. ಹರಳೆಣ್ಣೆ ಹಚ್ಚಿದರೆ ಬೇಗ ಬರುತ್ತದಂತೆ, ಅದೂ ನಡೆದಿದೆ. ಅಪ್ಪ ಇನ್ನೂ ನನ್ನ ಜೊತೆ ಮಾತು ಬಿಟ್ಟಿದ್ದಾರೆ.

ಅಂದು ಬೀಗರು ಹೊರಡುವಾಗ ನಾನು ಅಂಕಣ ಬರೆಯುವವನು ಎಂದು ಗಿರಿಜಾ ಹೆಮ್ಮೆಯಿಂದ ಹೇಳಿದಳು. ಹುಲಿಗೆಮ್ಮ ಸಂಕೋಚಪಟ್ಟರು. "ಖರೆ ಹೇಳ್ತೀನ್ರಿ ಅಣ್ಣಾರ, ನೀವು ಬರದದ್ದು ಒಂದೂ ಓದಿಲ್ಲ ನಾ. ಆದ್ರ ನೀವು ತೋರಿಸಿದ ದಾರ್ಯಾಗ ಹೋಗೀನಿ ನೋಡ್ರಿ."

ಇಷ್ಟು ವರ್ಷ ವಾರವಾರವೂ ಇದೇ ಬೆರಳೆತ್ತಿ ನಿಮಗೆಲ್ಲ ದಾರಿ ತೋರಿಸುತ್ತಲೇ ಬಂದಿದ್ದೇನಲ್ಲ, ನಿಮ್ಮಲ್ಲಿ ಒಬ್ಬರಾದರೂ ಆ ಕಡೆ ಹೋಗಿದ್ದೀರಾ?