ದುಂಬಿ ಕೊರೆದ ತೊಲೆ

ಗೆಳೆಯ ಜಿನಗೊಂಡ ಹೋದ ಸೋಮವಾರ ತೀರಿಕೊಂಡ. ಬೆಳಿಗ್ಗೆ ಹಾಲು ಕೊಡಲು ಬಂದ ಹೆಣ್ಣುಮಗಳು ಕೂಗಿದಳು, ಏಳಲಿಲ್ಲ. ಮಕ್ಕಳಿರಲಿಲ್ಲ. ಹೆಂಡತಿ ಚಂಪಾಬಾಯಿ ಕೆಲವು ವರ್ಷಗಳ ಹಿಂದೆಯೇ ಹೋಗಿದ್ದಳು.

ಆಮೇಲೆ ಅವನಿಗೆ ಉಳಿದದ್ದು ಶಾಲೆ. ನಾವಿಬ್ಬರೂ ಕಲಿತ, ಭೋಜದ ಹತ್ತಿರದ ನಮ್ಮೂರಿನ ಕನ್ನಡ ಶಾಲೆಗೆ ನೂರು ವರ್ಷ ದಾಟಿದೆ. ಕಲ್ಲಿನ ಗೋಡೆ, ಹಂಚಿನ ಮಾಡು. ಮಕ್ಕಳು ಮನೆಗೆ ಹೋದ ಮೇಲೂ ಅದರ ಕಟ್ಟೆಯ ಮೇಲೆ ಕೂತಿರುತ್ತಿದ್ದ. ಅಲ್ಲಿ ಮಾತು ಈಗಷ್ಟೇ ಮುಗಿದಂತೆ ಅನ್ನಿಸುತ್ತದೆ ಎನ್ನುತ್ತಿದ್ದ.

ಕೋಣೆ ಸಾಲದಾದಾಗ ಶಾಲಾ ಸಮಿತಿಯವರು ಹಳೆಯದನ್ನು ಕೆಡವಿ ಸ್ಲ್ಯಾಬ್ ಹಾಕೋಣವೆಂದರು. ಜಿನಗೊಂಡ ಬೇಡವೆಂದ. ಪಕ್ಕದಲ್ಲೇ ಕಟ್ಟಿಗೆಯ ಎರಡು ಕೋಣೆ ಕೂಡಿಸೋಣ, ಹಸಿ ಗಿಡ ಒಂದನ್ನೂ ಕಡಿಯುವುದು ಬೇಡ, ನಿಪ್ಪಾಣಿಯಲ್ಲಿ ಹಳೆಯ ವಾಡೆಗಳನ್ನು, ದೊಡ್ಡ ದೊಡ್ಡ ಮನೆಗಳನ್ನು, ಬೀಳಿಸುತ್ತಿದ್ದಾರೆ, ಆ ಸಾಗವಾನಿ ಇನ್ನೂ ಎರಡು ತಲೆಮಾರು ಬಾಳುತ್ತದೆ ಎಂದ. ಬೇಸಿಗೆ ರಜೆ ಮುಗಿಯುವುದರೊಳಗೆ ಮಾಡು ಏರಬೇಕು, ಇಲ್ಲವಾದರೆ ಎಲ್ಲವನ್ನೂ ಕೆಡವುವುದೇ ಎಂಬ ಕರಾರಿನ ಮೇಲೆ ಸಮಿತಿ ಒಪ್ಪಿತು.

ರಜೆಯ ಕೊನೆಯ ವಾರ ಒಂದು ತೊಲೆಯಷ್ಟೇ ಬಾಕಿ. ಬಡಿಗ ಲಕ್ಷ್ಮಣ ಗರಗಸ ಇಟ್ಟೊಡನೆ ಒಳಗಿನಿಂದ ಗುಂಯ್ ಎಂದಿತು. ಮರ ಕೊರೆಯುವ ಕರಿದುಂಬಿ.

“ನಿಲ್ಲಸೋ ಲಕ್ಷ್ಮಣಾ! ಒಳಗ ಮರಿ ಅದಾವು,” ಎಂದ ಜಿನಗೊಂಡ.

“ಸೀಮೆಎಣ್ಣಿ ಬಿಟ್ರ ಹೊರಗ ಬರ್ತಾವ್ರಿ ತಾತ್ಯಾ.”

“ಸತ್ತ ಬರ್ತಾವ.”

“ದುಂಬಿ ಹೆಸರೂ ಸಾಲ್ಯಾಗ ಹಚ್ಚತೀರೇನ್ರಿ?”

“ಹಚ್ಚೂಣಂತ. ನಿನ್ನಂಗ ಸಾಲಿ ತಪ್ಪಸೂದಿಲ್ಲ ಅವು.”

ನನ್ನ ಜೊತೆ ಲಕ್ಷ್ಮಣನೂ ನಕ್ಕ. ಆದರೆ ಗರಗಸ ಎತ್ತಿಟ್ಟ. ಜಿನಗೊಂಡ ಜೈನ, ತಾಟಿನಲ್ಲಿ ಹುಳ ಬಿದ್ದೀತೆಂದು ಹೊತ್ತು ಮುಳುಗುವ ಮೊದಲೇ ಉಂಡು ಮುಗಿಸುವವನು.

“ಅವು ಹಾರಿಹೋಗಾಕ ತಿಂಗಳ ಬೇಕಲೇ. ಅಷ್ಟರಾಗ ಸಾಲಿ ಕೆಡವತಾರ,” ಎಂದೆ ನಾನು.

“ಗೊತ್ತೈತಿ ಈಶ್ವರಾ.”

ಚಿಕ್ಕೋಡಿ, ರಾಯಬಾಗದವರೆಗೂ ಇಬ್ಬರೂ ಹುಡುಕಿದೆವು. ಅಷ್ಟು ಉದ್ದದ ಹಳೆಯ ತೊಲೆ ಸಿಗಲಿಲ್ಲ. ಬಸ್ಸಿನಲ್ಲಿ ಮರಳುವಾಗ, ಕಿಟಕಿಯ ಆಚೆ ಕಬ್ಬಿನ ಹೊಲ ನೋಡುತ್ತ, “ನಮ್ಮ ಪಡಸಾಲ್ಯಾಗ ಒಂದ ಐತಿ,” ಎಂದ.

ಯಾವುದೆಂದು ನನಗೆ ಗೊತ್ತಿತ್ತು. ಮನೆಯ ಭಾರ ಹೊತ್ತದ್ದಲ್ಲ, ತೂಗುಮಣೆಗೆಂದೇ ಹಾಕಿಸಿದ್ದು. ಚಂಪಾಬಾಯಿ ಕಾಯಿಪಲ್ಯ ಸೋಸುತ್ತಿದ್ದದ್ದು, ಮಧ್ಯಾಹ್ನ ಅಡ್ಡಾಗುತ್ತಿದ್ದದ್ದು ಆ ಮಣೆಯ ಮೇಲೆ. ಅವಳು ಹೋದ ಮೇಲೆ ಅವನು ಅಲ್ಲಿ ಕೂತದ್ದನ್ನು ನಾನು ಕಂಡಿಲ್ಲ. ಹಾದುಹೋಗುವಾಗ ಕೈಯಿಂದ ಒಮ್ಮೆ ತೂಗಿ ಬಿಡುತ್ತಿದ್ದ. ನಿಲ್ಲುವತನಕ ಸರಪಳಿಯ ಸಪ್ಪಳ ಕೇಳುತ್ತಿತ್ತು.

“ಅದೊಂದ ಬ್ಯಾಡಪಾ,” ಎಂದೆ.

“ಯಾರ ಕೂಡ್ತಾರ ಅದರ ಮ್ಯಾಲ?”

ಭಾನುವಾರ ಲಕ್ಷ್ಮಣ ಆ ತೊಲೆ ಇಳಿಸಿ ಒಯ್ದ. ಸಂಜೆಯೊಳಗೆ ಶಾಲೆಯ ಮೇಲೆ ಏರಿಸಿದ. ಜಿನಗೊಂಡ ನೋಡಲು ಬರಲಿಲ್ಲ. ಹೇಳಲು ನಾನೇ ಹೋದೆ. ಪಡಸಾಲೆಯಲ್ಲಿ ಮಣೆ ನೆಲದ ಮೇಲಿತ್ತು. ಸರಪಳಿಗಳನ್ನು ಒರೆಸಿ, ಎಣ್ಣೆ ಹಚ್ಚಿ, ಗೋಡೆಯ ಬದಿಗೆ ಇಟ್ಟಿದ್ದ.

“ಏರಿತಲೇ. ಸಾಲಿ ಉಳೀತು,” ಎಂದೆ.

ತಲೆಯಾಡಿಸಿದ. ನಾನು ಚಪ್ಪಲಿ ಮೆಟ್ಟುತ್ತಿದ್ದಾಗ, ನೆಲದ ಮೇಲಿನ ಆ ಮಣೆಯ ಮೇಲೆ, ಒಂದು ಬದಿಗೆ ಸರಿದು, ಕೂತ.