ಸುಡದ ನೀಲಿ

ಪೀಣ್ಯದ ಒಂದು ಯಂತ್ರ ತಯಾರಿಸುವ ಕಾರ್ಖಾನೆಯಲ್ಲಿ ನಾನು ಹನ್ನೊಂದು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದೆ. ನಮ್ಮ ಯಂತ್ರಗಳ ತಗಡಿನ ಕವರ್‌ಗಳಿಗೆ ಹೊರಗಿನವರು ಬಣ್ಣ ಹಾಕಿ ಕಳಿಸುತ್ತಿದ್ದರು. ಬಂದ ಕವರನ್ನು ಟ್ಯೂಬ್‌ಲೈಟ್ ಕೆಳಗೆ ಹಿಡಿದು, ಶೇಡ್ ಕಾರ್ಡಿನ ಪಕ್ಕದಲ್ಲಿಟ್ಟು ನೋಡಿ, ಬಣ್ಣ ಒಂದೆಳೆ ಹೆಚ್ಚುಕಡಿಮೆ ಕಂಡರೂ ಕೆಂಪು ಚೀಟಿ ಅಂಟಿಸಿ ವಾಪಸ್ ಕಳಿಸುವುದು ನನ್ನ ಕೆಲಸ. ಬೇರೆಯವರು ಮೀಟರ್ ಇಟ್ಟು ಅಳೆಯುತ್ತಿದ್ದುದನ್ನು ನಾನು ಬರಿಗಣ್ಣಲ್ಲಿ ಹೇಳುತ್ತಿದ್ದೆ. ಕೆಂಪು ಚೀಟಿ ಅಂಟಿಸುವಾಗ ಎದುರಿಗೆ ನಿಂತವನ ಮುಖ ಬಾಡುವುದನ್ನು ನೋಡಲು ನನಗೆ ಇಷ್ಟವಾಗುತ್ತಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯೇನೂ ಇಲ್ಲ, ಇದಕ್ಕಿಂತ ನಾಚಿಕೆಗೇಡಿನದು ಮುಂದೆ ಇದೆ.

ಕೆಲಸ ಬಿಟ್ಟರೆ ನನಗಿದ್ದ ಹುಚ್ಚು ವೈಜ್ಞಾನಿಕ ಕಥೆ ಬರೆಯುವುದು. ಅಪ್ಪ ಸರ್ಕಾರಿ ಕಾರ್ಖಾನೆಯಲ್ಲಿದ್ದರು. ಅಲ್ಲಿನ ಕ್ವಾರ್ಟರ್ಸ್ ಲೈಬ್ರರಿಯ ಒಂದು ಕಪಾಟಿನ ತುಂಬ ರಾಕೆಟ್ಟು, ಯಂತ್ರಮಾನವ, ಮಂಗಳಗ್ರಹದ ಪುಸ್ತಕಗಳಿದ್ದವು. ಹೈಸ್ಕೂಲು ಮುಗಿಯುವುದರೊಳಗೆ ಅದನ್ನೆಲ್ಲ ಎರಡೆರಡು ಸಲ ಓದಿ ಮುಗಿಸಿದ್ದೆ. ದೊಡ್ಡವನಾದ ಮೇಲೆ ನಾನೇ ಬರೆದು ವಾರಪತ್ರಿಕೆಗಳಿಗೆ ಕಳಿಸತೊಡಗಿದೆ. ಎಲ್ಲವೂ ಹೋದ ದಾರಿಯಲ್ಲೇ ಹಿಂದಕ್ಕೆ ಬರುತ್ತಿದ್ದವು. ಒಬ್ಬ ಸಂಪಾದಕರು ಮಾತ್ರ ಹಾಳೆಯ ಅಂಚಿನಲ್ಲಿ ಒಂದು ಸಾಲು ಬರೆದಿದ್ದರು: "ನಿಮ್ಮ ಗ್ರಹದಲ್ಲಿ ಎಲ್ಲಾ ಇದೆ, ಯಾರೂ ಇಲ್ಲ." ನನಗೆ ಕೆಂಪು ಚೀಟಿ ಅಂಟಿಸಿದ ಮೊದಲನೆಯವರು ಅವರು. ಒಂದು ವಾರ ಸರಿಯಾಗಿ ಊಟ ಸೇರಲಿಲ್ಲ.

ಸಿಟ್ಟು ಇಳಿದ ಮೇಲೆ ಅವರು ಹೇಳಿದ್ದು ಸರಿ ಅನ್ನಿಸಿತು. ರಾಕೆಟ್ಟನ್ನು ಯಾರು ಬೇಕಾದರೂ ಬರೆಯಬಹುದು. ರಾಕೆಟ್ಟಿನಿಂದ ಇಳಿದವಳ ಕಾಲಲ್ಲಿ ಎಂಥ ಚಪ್ಪಲಿ ಇತ್ತು, ಅದರ ಉಂಗುಷ್ಠಕ್ಕೆ ಯಾವ ಬಣ್ಣದ ಪಿನ್ನು ಚುಚ್ಚಿತ್ತು ಎಂದು ಬರೆಯಬೇಕಾದರೆ ಬೀದಿಗೆ ಇಳಿಯಬೇಕು. ಒಂದು ಹಳೆಯ ಡಿಜಿಟಲ್ ಕ್ಯಾಮೆರಾ ಕೊಂಡೆ. ಆಗ ಪೀಣ್ಯದಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದವು. ಅರ್ಧ ಕಟ್ಟಿದ ಕಂಬಗಳು, ಧೂಳು, ಆ ಧೂಳಿನಲ್ಲಿ ತಲೆಗೆ ಟವೆಲ್ ಕಟ್ಟಿಕೊಂಡು ಬರುವ ಜನ. ಒಂದು ಫೋಟೋ ತೆಗೆಯುವುದು, ಮನೆಗೆ ಬಂದು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡುವುದು, "ಇದು ಭೂಮಿಯಲ್ಲದಿದ್ದರೆ?" ಎಂದು ಕೇಳಿಕೊಳ್ಳುವುದು. ಇದಿಷ್ಟೇ ನನ್ನ ವಿಧಾನ. ಹೊಗೆಯ ಮಧ್ಯೆ ಬೋಂಡ ಕರಿಯುವ ಮುದುಕ ಉಪಗ್ರಹದ ಕಾವಲುಗಾರನಾದ. ಫ್ಲೈಓವರ್ ಕೆಳಗೆ ಬಸ್ಸಿಗೆ ಕಾಯುವವರು ನೂರು ವರ್ಷದ ಪ್ರಯಾಣಕ್ಕೆ ಹೊರಟವರಾದರು. ಕಥೆಗಳು ಉಸಿರಾಡತೊಡಗಿದವು. ಯಾರ ಅಪ್ಪಣೆಯನ್ನೂ ನಾನು ಕೇಳಿದವನಲ್ಲ. ಕೇಳಿದರೆ ಜನ ಕೂದಲು ಸರಿಮಾಡಿಕೊಂಡು ಫೋಟೋ ಹಾಳು ಮಾಡುತ್ತಾರೆ ಎನ್ನುವುದು ನನ್ನ ವಾದವಾಗಿತ್ತು.

ಸಂಜೆ ಐದೂವರೆಗೆ ಪೌಡರ್ ಕೋಟಿಂಗ್ ಶೆಡ್ಡುಗಳಿಂದ ಹೆಂಗಸರು ಹೊರಗೆ ಬರುತ್ತಿದ್ದರು. ಅಲ್ಲಿ ಒಣ ಬಣ್ಣದ ಪುಡಿಯನ್ನು ಗನ್ನಿನಿಂದ ತಗಡಿಗೆ ಸಿಂಪಡಿಸಿ, ಆಮೇಲೆ ಓವನ್ನಿನಲ್ಲಿಟ್ಟು ಸುಡುತ್ತಾರೆ. ಪುಡಿ ತಗಡಿಗೆ ಎಷ್ಟು ಹತ್ತುತ್ತದೋ ಸಿಂಪಡಿಸುವವರ ಹುಬ್ಬಿಗೂ ಕಿವಿಗೂ ಅಷ್ಟೇ ಹತ್ತುತ್ತದೆ. ಸೋಮವಾರ ಹಳದಿ ಜನ, ಬುಧವಾರ ಬೂದು ಜನ. ಒಂದು ಸಂಜೆ, ಗಲ್ಲಿಯೊಂದರ ಟೀ ಅಂಗಡಿಯ ಮುಂದೆ, ಹೆಸರಿನ ಬೋರ್ಡೇ ಇಲ್ಲದ ಶೆಡ್ಡಿನ ಷಟರ್‌ಗೆ ಒರಗಿ, ನೀಲಿ ಹೆಂಗಸೊಬ್ಬಳು ಟೀ ಕುಡಿಯುತ್ತಿದ್ದಳು. ಮೂವತ್ತರ ಒಳಗಿನವಳು. ರೆಪ್ಪೆಯ ಮೇಲೂ ನೀಲಿ. ಟೀ ಲೋಟ ತಾಗಿದ ತುಟಿ ಮಾತ್ರ ಮನುಷ್ಯರ ಬಣ್ಣದ್ದು. ಕೊರಳಲ್ಲಿ ತಾಳಿಯ ಜೊತೆ ಒಂದು ಬೀಗದ ಕೈ ನೇತಾಡುತ್ತಿತ್ತು. ನಾನು ಮೂರು ಸಲ ಕ್ಲಿಕ್ಕಿಸಿದೆ.

"ಏನ್ರಿ ಸರ, ನನ್ ಫೋಟೋ ಹೊಡದ್ರೇನು?" ಎಂದಳು. ಮಾತು ರಾಯಚೂರಿನ ಕಡೆಯದು.

"ಹ್ಞೂಂ ಅಕ್ಕ, ಸುಮ್ನೆ."

"ತೋರಸ್ರಿ ಮತ್ತ."

ತೋರಿಸಿದೆ. ಕ್ಯಾಮೆರಾ ಕಿತ್ತುಕೊಳ್ಳುತ್ತಾಳೇನೋ ಎಂದು ಹೆದರಿದ್ದೆ. ಅವಳು ನಕ್ಕುಬಿಟ್ಟಳು. "ಅಯ್ಯ, ಗೋಕುಲಾಷ್ಟಮಿ ಕೃಷ್ಣ ಆಗೀನಲ್ರಿ! ಒಂದ್ ಕಾಗದದ ಮ್ಯಾಲ ತಗದು ಕೊಡ್ರಿ ಸರ, ಖೋಲ್ಯಾಗ ಹಚ್ತೀನಿ."

ಕೊಡುತ್ತೇನೆಂದೆ. ಬೀಗದ ಕೈ ಯಾವುದೆಂದು ಕೇಳಿದೆ, ಕಥೆಗಾರನ ಬಾಯಿ ಸುಮ್ಮನಿರುತ್ತದೆಯೇ?

"ಹೆಗ್ಗನಹಳ್ಯಾಗ ನಮ್ ಖೋಲೀದ್ರಿ. ಖೋಲಿ ಬಾಡಿಗೀದು ಖರೆ, ಬೀಗ ನಂದು. ನಾಕ್ ವರ್ಷ ಬಿಲ್ಡಿಂಗ್ ಸೈಟಿನ್ಯಾಗ ತಗಡಿನ ಶೆಡ್ಡಿನಾಗ ಇದ್ವಿ. ಯಾರ್ ಬಂದ್ರ ಬರಲಿ, ಬಾಗಲೇ ಇದ್ದಿಲ್ಲ. ನಸುಕಿನ್ಯಾಗ ಎದ್ದು ಸೀರಿ ಮರಿಮಾಡಿ ಜಳಕ ಮಾಡ್ತಿದ್ವಿ. ಈ ಕೆಲಸ ಸಿಕ್ಕ ಮ್ಯಾಲ ಖೋಲಿ ಹಿಡದೀನಿ. ಈಗ ಜಳಕಕ್ಕ ನಾಕ್ ಗ್ವಾಡಿ ಅದಾವ್ರಿ. ಈ ಕೆಲಸ ಹೋತಂದ್ರ ಮತ್ತ ಸೈಟಿಗೇ." ಗಂಡ ಸೆಂಟ್ರಿಂಗ್ ಕೆಲಸಕ್ಕೆ ವೈಟ್‌ಫೀಲ್ಡ್ ಕಡೆ ಹೋಗಿ ಭಾನುವಾರ ಬರುತ್ತಾನೆಂದೂ, ಗಂಡ ಹೆಂಡತಿ ಇಬ್ಬರೂ ಸೈಟಿನಲ್ಲೇ ಇರಬೇಕೆಂದು ಮೇಸ್ತ್ರಿ ದಿನಾ ಪೀಡಿಸುತ್ತಾನೆಂದೂ ಹೇಳಿದಳು. ನಾನು ತಲೆಯಾಡಿಸುತ್ತಿದ್ದೆ. ಕಿವಿ ಅವಳ ಕಡೆಗಿತ್ತು, ಮನಸ್ಸು ಆಗಲೇ ಬೇರೆ ಗ್ರಹಕ್ಕೆ ಹಾರಿತ್ತು.

ಆ ಕಥೆಯನ್ನು ಎರಡು ಭಾನುವಾರದಲ್ಲಿ ಬರೆದೆ. ನೀಲಿ ಗ್ರಹದ ಹೆಂಗಸೊಬ್ಬಳು ಭೂಮಿಗೆ ದುಡಿಯಲು ಬರುತ್ತಾಳೆ. ಕೊರಳಲ್ಲಿ ತನ್ನ ಗ್ರಹದ ಮನೆಯ ಬೀಗದ ಕೈ. ಕೊನೆಗೆ ರಾಕೆಟ್ಟು ಬಂದು ಅವಳನ್ನು ಕರೆದೊಯ್ಯುತ್ತದೆ, ಅವಳು ಆ ಬೀಗದ ಕೈಯಿಂದ ತನ್ನ ಮನೆಯ ಬಾಗಿಲು ತೆಗೆಯುತ್ತಾಳೆ. ಬೀಗ ಹೆಗ್ಗನಹಳ್ಳಿಯ ಬಾಡಿಗೆ ಕೋಣೆಯದೆಂದು ಅವಳೇ ಬಾಯಿಬಿಟ್ಟು ಹೇಳಿದ್ದಳು. ಆದರೆ ಕಥೆಗೆ ಊರ ಮನೆಯೇ ಚೆಂದ ಕಾಣಿಸಿತು. ಅದೇ ಸಂಪಾದಕರು ಈ ಸಲ ಫೋಟೋ ಸಮೇತ ಅಚ್ಚುಹಾಕಿದರು. ಅಂತ್ಯ ಕಣ್ಣು ಒದ್ದೆ ಮಾಡಿತು ಎಂದು ಪತ್ರ ಬರೆದರು. ನನಗೆ ಎರಡು ಕೊಂಬು ಮೂಡಿದವು.

ಪತ್ರಿಕೆಯಲ್ಲಿ ಫೋಟೋ ಕಪ್ಪು ಬಿಳುಪಿನಲ್ಲಿ ಬಂದಿತ್ತು. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಬಣ್ಣ ನೋಡುವವನ ಫೋಟೋ ಬಣ್ಣವಿಲ್ಲದೆ ಇರುವುದೇ? ಸ್ಟುಡಿಯೋಗೆ ಹೋಗಿ ದೊಡ್ಡ ಕಲರ್ ಪ್ರಿಂಟ್ ಹಾಕಿಸಿದೆ. ನೀಲಿ ಸ್ವಲ್ಪ ನೇರಳೆಗೆ ಹೋಯಿತೆಂದು ಸ್ಟುಡಿಯೋದವನ ಜೊತೆ ಜಗಳ ತೆಗೆದು, ಸರಿಯಾಗಿ ಬರುವವರೆಗೆ ನಾಲ್ಕು ಸಲ ಹಾಕಿಸಿದೆ. ಅಂಥವು ಎರಡು ಪ್ರಿಂಟ್. ಒಂದನ್ನು ಅವಳಿಗೆಂದು ಬ್ಯಾಗಿನಲ್ಲಿಟ್ಟುಕೊಂಡೆ. ಇನ್ನೊಂದನ್ನು ಪತ್ರಿಕೆಯ ಹಾಳೆಯ ಜೊತೆ ಕಾರ್ಖಾನೆಯ ನೋಟಿಸ್ ಬೋರ್ಡಿನಲ್ಲಿ ಅಂಟಿಸಿದೆ. "ಏನ್ ಗುರು, ಸೈಂಟಿಸ್ಟ್ ಆಗ್ಬಿಟ್ಟೆ, ಇನ್ನು ನಮ್ನೆಲ್ಲ ಮಾತಾಡಿಸ್ತೀಯೋ ಇಲ್ವೋ" ಎಂದು ಕ್ಯಾಂಟೀನಿನಲ್ಲಿ ಕಾಲೆಳೆದರು. ಕಾಲೆಳೆಸಿಕೊಳ್ಳುವುದಕ್ಕೇ ನಾನು ಎರಡು ಸಲ ಟೀ ಕುಡಿಯಲು ಹೋದೆ.

ಮಧ್ಯಾಹ್ನ, ಹೊರಗಿನ ಕೆಲಸಗಳನ್ನೆಲ್ಲ ನೋಡಿಕೊಳ್ಳುವ ಮ್ಯಾನೇಜರು ಬೋರ್ಡಿನ ಮುಂದೆ ನಿಂತು ನನ್ನನ್ನು ಕರೆದರು. ಮೆಚ್ಚುಗೆಗೆ ತಯಾರಾಗಿ ಹೋದೆ.

"ಏನ್ರೀ, ಈ ಬಣ್ಣ ನಮ್ ಥರಾನೇ ಇದೆ. ಆದ್ರೆ ಇಲ್ಲ ಬಿಡಿ, ಇದು ಸ್ವಲ್ಪ ತಿಳಿ ಇದೆ. ಬೇರೆ ಯಾರದೋ ಇರ್ಬೇಕು" ಎಂದರು.

ಇಲ್ಲಿ ನಿಲ್ಲಬೇಕು. ಆ ನೀಲಿ ನಮ್ಮ ಕಾರ್ಖಾನೆಗೆಂದೇ ಮಾಡಿಸಿದ ಬಣ್ಣ. ಅದರ ಪುಡಿ ಒಪ್ಪಂದವಿದ್ದ ಒಂದೇ ಒಂದು ಘಟಕಕ್ಕೆ ಹೋಗುತ್ತಿತ್ತು, ಇನ್ನಾರೂ ಅದನ್ನು ಮುಟ್ಟುವಂತಿರಲಿಲ್ಲ. ತಪ್ಪಿಸಿಕೊಳ್ಳಲು ಮ್ಯಾನೇಜರು ಅವರಾಗಿಯೇ ಬಾಗಿಲು ತೆರೆದು, ಹೋಗು ಎಂದಿದ್ದರು. "ಹೌದು ಸಾರ್, ಬೇರೆಯವರದು" ಎಂದು ಮೂರು ಮಾತು ಹೇಳಿದ್ದರೆ ಸಾಕಿತ್ತು. ಆದರೆ ನನ್ನ ಕಣ್ಣು ತಪ್ಪು ಎಂದ ಹಾಗಾಯಿತಲ್ಲ!

"ಇಲ್ಲ ಸಾರ್, ನಮ್ದೇ. ಸುಡದೇ ಇರೋ ಪುಡಿ ತಿಳಿಯಾಗೇ ಕಾಣುತ್ತೆ. ಓವನ್ನಿಗೆ ಹೋಗಿ ಬಂದ್ಮೇಲೆ ಗಾಢ ಆಗೋದು. ಬೇಕಾದ್ರೆ ಶೇಡ್ ಕಾರ್ಡ್ ತರ್ತೀನಿ" ಎಂದೆ. ತಂದೂ ತೋರಿಸಿದೆ. ಅವಳ ಕೆನ್ನೆಯ ಪಕ್ಕ ಕಾರ್ಡ್ ಹಿಡಿದು ವಿವರಿಸಿದೆ.

ಮ್ಯಾನೇಜರು ಫೋಟೋಗೆ ಮುಖ ಹತ್ತಿರ ತಂದರು. "ಹಂಗಾದ್ರೆ ಈ ಷಟರ್ ಎಲ್ಲೀದು? ನಮ್ ವೆಂಡರ್ ಇರೋದು ಮೇನ್ ರೋಡಲ್ಲಿ. ಇದು ಯಾವ್ದೋ ಗಲ್ಲಿ."

ಬಣ್ಣ ನೋಡಿದವನು ಜಾಗದ ಬಗ್ಗೆ ಯೋಚಿಸಿಯೇ ಇರಲಿಲ್ಲ, ಆಗ ಹೊಳೆಯಿತು. ಒಪ್ಪಂದವಿದ್ದವನು ಗುಟ್ಟಾಗಿ ನಮ್ಮ ಕೆಲಸವನ್ನು ಆ ಬೋರ್ಡಿಲ್ಲದ ಶೆಡ್ಡಿಗೆ ದಾಟಿಸುತ್ತಿದ್ದ. ನೆನಪಿಲ್ಲ ಎನ್ನಬಹುದಿತ್ತು. ಇಷ್ಟೆಲ್ಲ ಜಂಬ ಕೊಚ್ಚಿದವನು ಫೋಟೋ ತೆಗೆದ ಜಾಗ ಮರೆತೆ ಎಂದರೆ ನಂಬುತ್ತಾರೆಯೇ ಎಂದು ಹೆದರಿ, ಎಷ್ಟನೇ ಕ್ರಾಸ್ ಎಂದು ಹೇಳಿಬಿಟ್ಟೆ.

ಮಾರನೆಯ ದಿನ ಶೆಡ್ಡಿಗೆ ಹೋಗಿ ನಮ್ಮ ಕವರುಗಳನ್ನೂ ಪುಡಿಯ ಡಬ್ಬಗಳನ್ನೂ ಎತ್ತಿಸಿಕೊಂಡು ಬರಲು ನನ್ನನ್ನೇ ಕಳಿಸಿದರು. ಒಪ್ಪಂದವಿದ್ದವನಿಗೆ ಒಂದು ಎಚ್ಚರಿಕೆಯ ಪತ್ರ ಹೋಯಿತು, ಅಷ್ಟೇ. ಅವನು ದೊಡ್ಡವನು, ಅವನಿಲ್ಲದೆ ನಮಗೆ ನಡೆಯುತ್ತಿರಲಿಲ್ಲ. ಶೆಡ್ಡಿಗೆ ಮಾತ್ರ ಅದೊಂದೇ ಕೆಲಸವಿತ್ತು. ನಾನು ಒಳಗೆ ಹೋದಾಗ ಅವಳು ಗನ್ ಕೆಳಗಿಟ್ಟು ಓಡಿಬಂದಳು. "ಫೋಟೋ ತಂದ್ರೇನ್ರಿ ಸರ?" ಎಂದಳು. ಮುಖವೆಲ್ಲ ನೀಲಿ, ಹಲ್ಲು ಬೆಳ್ಳಗೆ ನಗುತ್ತಿತ್ತು.

ಶೆಡ್ಡಿನ ಯಜಮಾನನಿಗೆ ಒಪ್ಪಂದವಿದ್ದವನಿಂದ ಬೆಳಿಗ್ಗೆಯೇ ಫೋನ್ ಬಂದು ಫೋಟೋ, ಕಥೆ ಎಲ್ಲ ಗೊತ್ತಾಗಿತ್ತು, ಹೆಂಗಸರಿಗೆ ಇನ್ನೂ ಹೇಳಿರಲಿಲ್ಲ. ಅವನಿಗೆ ನನ್ನ ಮೇಲೆ ಕೂಗುವ ಧೈರ್ಯವಿರಲಿಲ್ಲ. ಅವಳ ಮೇಲೆ ಇತ್ತು. "ಯಾವಳೇ ನೀನು, ರೋಡಲ್ಲಿ ನಿಂತ್ಕೊಂಡು ಫೋಟೋ ಹೊಡೆಸ್ಕೊಂಡೋಳು? ನಿನ್ನಿಂದ ಎಲ್ಲರ ಹೊಟ್ಟೆ ಮೇಲೆ ಕಲ್ಲು ಬಿತ್ತು. ಮುಚ್ಚು ಷಟರ್! ಎಲ್ಲಾ ಹೋಗ್ರಿ ಮನೆಗೆ!"

ಅಲ್ಲಿ ಆರು ಜನ ಹೆಂಗಸರಿದ್ದರು. ಐವರು ಅವಳ ಕಡೆ ತಿರುಗಿದರು. ಅವಳ ಊರಿನ ಕಡೆಯವಳೇ ಆದ ವಯಸ್ಸಾದ ಹೆಂಗಸು, "ಹೀರೋಯಿನ್ ಆಗ್ಬೇಕಾಗಿತ್ತೇನ ನಿನಗ? ನಮ್ಮನ್ನ ಹಾಳ ಮಾಡಿ ಮಾರಿ ತೋರ್ಸ್ಕೊಂಡಿ?" ಎಂದಳು. ಇನ್ನೊಬ್ಬಳು ಅವಳ ಭುಜ ನೂಕಿದಳು. ಫೋಟೋ ತೆಗೆಯಿರಿ ಎಂದು ಅವಳು ಕೇಳಿರಲಿಲ್ಲ, ನಾನೇ ತೆಗೆದದ್ದು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಾನೇ ಹೇಳಿದ್ದು. ಈ ಎರಡು ಮಾತು ಹೇಳುವ ಬದಲು ನಾನು ತಲೆತಗ್ಗಿಸಿ ಡಬ್ಬಗಳನ್ನು ಪಟ್ಟಿ ಮಾಡುತ್ತಿದ್ದೆ. ಇನ್ನೂ ಒಂದನ್ನು ಹೇಳಿಬಿಡುತ್ತೇನೆ. ನೀಲಿ ಮೆತ್ತಿದ ಐದು ಮುಖಗಳು ಒಂದು ಮುಖದ ಮೇಲೆ ಮುಗಿಬಿದ್ದದ್ದನ್ನು ಓರೆಗಣ್ಣಲ್ಲಿ ನೋಡಿ, ಕ್ಯಾಮೆರಾ ತಂದಿದ್ದರೆ ಚೆನ್ನಾಗಿತ್ತು ಎಂದುಕೊಂಡೆ. ಈ ಯೋಚನೆ ಬಂದದ್ದಕ್ಕೆ ಇವತ್ತಿಗೂ ನನಗೆ ನನ್ನ ಮೇಲೆ ಅಸಹ್ಯವಿದೆ.

ಡಬ್ಬಗಳು ಟೆಂಪೋ ಹತ್ತಿದ ಮೇಲೆ ಅವಳು ಹೊರಗೆ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು. ನಾನು ಬ್ಯಾಗಿನಿಂದ ಪ್ರಿಂಟ್ ತೆಗೆದು ಕೊಟ್ಟೆ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಜೋಪಾನವಾಗಿ ಹಿಡಿದುಕೊಂಡಳು.

"ಇದಕ್ಕ ಕಥಿ ಬರದೀರಂತ. ಯಜಮಾನ್ರು ಬೈಯೋ ಮುಂದ ಅಂದ್ರು. ಕಡೀಕ ನಾ ಏನಾಗ್ತೀನ್ರಿ ಅದ್ರಾಗ?"

"ನೀವು ನಿಮ್ಮ ಊರಿಗೆ ವಾಪಸ್ ಹೋಗ್ತೀರ ಅಕ್ಕ. ಆ ಕೀ ಇದೆಯಲ್ಲ, ಅದ್ರಿಂದ ನಿಮ್ಮ ಊರಿನ ಮನೆ ಬಾಗಿಲು ತೆಗೀತೀರ. ತುಂಬಾ ಜನ ಮೆಚ್ಚಿದ್ರು."

ಅವಳು ಕೊರಳಿನ ಬೀಗದ ಕೈ ಮುಟ್ಟಿ ನೋಡಿಕೊಂಡಳು. ಸಿಟ್ಟು ಮಾಡಲಿಲ್ಲ. ಲೆಕ್ಕ ತಪ್ಪಿದ ಮಗುವಿಗೆ ತಿದ್ದಿ ಹೇಳುವಂತೆ ಹೇಳಿದಳು.

"ಊರಾಗ ನಮಗ ಮನೀನೇ ಇಲ್ರಿ ಸರ. ಇದು ಇಲ್ಲೀದು ಅಂತ ನಾ ನಿಮಗ ಹೇಳಿದ್ನಲ್ರಿ."

ಫೋಟೋ ಹಿಂದಕ್ಕೆ ಕೊಟ್ಟಳು. ಹಚ್ಚಲು ಇನ್ನು ಗೋಡೆ ಎಲ್ಲಿದೆ ಎಂದು ಕೇಳಲೂ ಇಲ್ಲ. ಮೂರು ವಾರ ಬಿಟ್ಟು, ಧೈರ್ಯ ಮಾಡಿ ಹೆಗ್ಗನಹಳ್ಳಿಯಲ್ಲಿ ವಿಚಾರಿಸಿಕೊಂಡು ಆ ವಠಾರಕ್ಕೆ ಹೋದೆ. ಬಾಗಿಲಿಗೆ ಬೇರೆಯವರ ಹೊಸ ಬೀಗವಿತ್ತು. "ಆ ನೀಲಿ ಬಣ್ಣದೋಳಾ? ವೈಟ್‌ಫೀಲ್ಡ್ ಕಡೆ ಸೈಟಿಗೆ ಹೋದ್ರು, ಗಂಡ ಹೆಂಡ್ತಿ ಇಬ್ರೂ" ಎಂದರು ವಠಾರದ ಯಜಮಾನಿ. ಯಾವ ಸೈಟು ಎಂದು ಅವರಿಗೆ ಗೊತ್ತಿರಲಿಲ್ಲ. ಆ ಕಡೆ ಆಗ ಸೈಟಿಲ್ಲದ ಬೀದಿಯೇ ಇರಲಿಲ್ಲ.

ಆ ತಿಂಗಳು ನಾನು ಕಥೆಯನ್ನು ತಿದ್ದಿ ಬರೆದೆ. ಹೊಸ ಕಥೆಯಲ್ಲಿ ರಾಕೆಟ್ಟು ಬರುವುದೇ ಇಲ್ಲ. ನೀಲಿ ಹೆಂಗಸು ಇಲ್ಲೇ ಉಳಿಯುತ್ತಾಳೆ. ಸಂಜೆ ಕೆಲಸದಿಂದ ಬಂದು, ಬಾಡಿಗೆ ಕೋಣೆಯ ಬೀಗ ತೆಗೆದು, ಒಳಗಿನಿಂದ ಚಿಲಕ ಹಾಕಿಕೊಂಡು ಸ್ನಾನ ಮಾಡುತ್ತಾಳೆ. ಅಷ್ಟೇ ಕಥೆ. ಅದೇ ಸಂಪಾದಕರಿಗೆ ಕಳಿಸಿದೆ. ಎಂಟೇ ದಿನದಲ್ಲಿ ವಾಪಸ್ ಬಂತು. ಹಾಳೆಯ ಅಂಚಿನಲ್ಲಿ ಅದೇ ಕೈಬರಹದಲ್ಲಿ ಬರೆದಿತ್ತು: "ಮೊದಲಿನದೇ ಚೆನ್ನಾಗಿತ್ತು. ಈ ಅಂತ್ಯವನ್ನು ಯಾರೂ ನಂಬುವುದಿಲ್ಲ."